ಒಂದು ಮೀಟರಿನ ಚೌಕ

ಬಿಳಿ ಪೈಪಿನ ಚೌಕಟ್ಟು, ನಾಲ್ಕೂ ಮಗ್ಗುಲು ಒಂದೊಂದು ಮೀಟರು.
ಕಣ್ಣು ಮುಚ್ಚಿ ಎಸೆಯಬೇಕು, ಬಿದ್ದಲ್ಲೇ ಲೆಕ್ಕ;
ಮನಸ್ಸಿಗೆ ಬಂದಲ್ಲಿ ಇಡುವಂತಿಲ್ಲ, ಅದು ನಿಯಮ.
ಆದರೆ ಡಯಾನಾ ಶಿಖರದ ಈ ಬೆನ್ನಿನಲ್ಲಿ
ಎಲ್ಲಿಗೆಸೆದರೂ ಕತ್ತಿಯಂಥ ಎಲೆಗಳ ಮೇಲೇ ಕೂರುತ್ತದೆ,
ನೆಲ ಮುಟ್ಟುವುದೇ ಇಲ್ಲ.

"ತೊಂಬತ್ತಾರು" ಅನ್ನುತ್ತೇನೆ.
ಡಾರಿಯೆಲ್ ಬರೆದುಕೊಳ್ಳುತ್ತಾನೆ.
ನೂರರಲ್ಲಿ ತೊಂಬತ್ತಾರು ಪಾಲು ನಾರುಗಿಡ.
ಮಿಕ್ಕ ನಾಲ್ಕರಲ್ಲಿ ಒಂದು ಮರಜರಿಯ ಸುರುಳಿ,
ಹಸುಗೂಸಿನ ಮುಚ್ಚಿದ ಮುಷ್ಟಿಯಷ್ಟು;
ಮತ್ತೆ ಒಂದಿಷ್ಟು ಮಂಜು.
ಮಂಜಿಗೆ ಕಾಲಂ ಇಲ್ಲ.

ಹಗ್ಗ ಬಿಚ್ಚಿ ನೂರು ಮೀಟರಿಗೆ ಎಳೆದರೆ
ಬಂಡೆ ಬಂತು, ಕಾಲುದಾರಿ ಬಂತು,
ಕಪ್ಪು ಕ್ಯಾಬೇಜ್ ಮರ ಏಳು, ನಿಂತವು ಐದು, ಒರಗಿದವು ಎರಡು.
ತೊಂಬತ್ತಾರು ಇಳಿದು ಐವತ್ತೆಂಟಾಯಿತು.
ಗಿಡ ಒಂದೆಲೆಯನ್ನೂ ಹಿಂದಕ್ಕೆಳೆದುಕೊಂಡಿಲ್ಲ,
ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಅಷ್ಟೇ.

ಕಿಲೋಮೀಟರಿನ ಚೌಕಕ್ಕೆ ಹೋದರೆ ಅಂಕಿಯೂ ಬೇಡ:
'ಇದೆ', 'ಇಲ್ಲ'.
ಒಂದು ಬುಡವಿದ್ದರೂ 'ಇದೆ', ಗುಡ್ಡವಿಡೀ ಇದ್ದರೂ 'ಇದೆ'.
ಲಂಡನ್ನಿನ ಆಫೀಸಿನ ಗೋಡೆಯ ಮೇಲೆ ಚೌಕಗಳು ಇನ್ನೂ ದೊಡ್ಡವು.
ಅಲ್ಲಿ ಸೇಂಟ್ ಹೆಲೆನಾ ಅಂದರೆ ನೀಲಿಯೊಳಗೊಂದು ಚುಕ್ಕಿ,
ನೊಣ ಕೂತು ಹೋದ ಗುರುತು.
ನನ್ನ ಮನೆ, ಜೇಮ್ಸ್‌ಟೌನಿನ ಆರುನೂರ ತೊಂಬತ್ತೊಂಬತ್ತು ಮೆಟ್ಟಿಲು,
ಆ ಏಳು ಮರ, ಎಲ್ಲ ಸೇರಿ ಒಂದೇ 'ಇದೆ'.

ನನ್ನಜ್ಜಿ ಎಥೆಲ್ಡಾಳ ಅಳತೆ ಬೇರೆ.
ಒಂದು ಹೊರೆ: ಕತ್ತೆಯ ಬೆನ್ನು ಹೊರುವಷ್ಟು.
ಒಂದು ದಿನ: ಗಿರಣಿಯ ಕಿವುಡು ಕಿವಿ ಕಚ್ಚುವಷ್ಟು.
ಇಲ್ಲಿಯ ನಾರು ಹುರಿಯಾಗಿ
ಇಂಗ್ಲೆಂಡಿನ ಅಂಚೆ ಮೂಟೆಗಳ ಬಾಯಿ ಕಟ್ಟುತ್ತಿತ್ತಂತೆ.
"ಲೋಕದ ಕಾಗದವೆಲ್ಲ ನನ್ನ ಗಂಟಿನೊಳಗೆ" ಎಂದು ನಗುತ್ತಿದ್ದಳು,
ಅವಳಿಗೊಂದೂ ಕಾಗದ ಬಂದದ್ದಿಲ್ಲ.
ಒಂದು ದಿನ ಅಂಚೆಯವರು ನೈಲಾನಿಗೆ ಹೋದರು.
ಗಿರಣಿ ನಿಂತಿತು, ಗಿಡ ನಿಲ್ಲಲಿಲ್ಲ.
ಕೆಲಸ ಕಳೆದುಕೊಂಡವರಲ್ಲಿ ಬೆಳೆಯುತ್ತಲೇ ಹೋದದ್ದು ಅದೊಂದೇ.

ಕಳೆದ ವರ್ಷ ವಿಮಾನದಲ್ಲಿ ಮೆರೆಯಾನ ಬಂದಳು,
ಈ ಗಿಡದ ತವರಿನವಳು, ನ್ಯೂಜಿಲೆಂಡಿನ ಬುಟ್ಟಿ ಹೆಣೆಯುವಾಕೆ.
ಇಳಿಜಾರು ನೋಡಿ ಬಹಳ ಹೊತ್ತು ಮಾತಾಡಲಿಲ್ಲ.
ಊರಲ್ಲಿ ಸಾಧುವಾಗಿದ್ದ ತಮ್ಮ
ಪರದೇಶದಲ್ಲಿ ಯಾರದೋ ಮನೆ ಮುರಿದನೆಂದು ಕೇಳಿದವಳ ಹಾಗೆ.
ಆಮೇಲೆ ಒಂದು ಬುಡದ ಮುಂದೆ ಮಂಡಿಯೂರಿ ತೋರಿಸಿದಳು:
ನಡುವಿನ ಎಳೆಸುಳಿ, ಇದು ಮಗು.
ಆಚೀಚೆ ಅಪ್ಪ, ಅವ್ವ.
ಕೊಯ್ಯುವುದಾದರೆ ಹೊರಗಿನ ಅಜ್ಜ ಅಜ್ಜಿಯರನ್ನು ಮಾತ್ರ.
ನಾನು ಹಾರೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಡಾರಿಯೆಲ್ ಒಮ್ಮೆ ಕೇಳಿದ್ದ: "ನಾವೂ ಹೊರಗಿನವರೇ ಅಲ್ವಾ?"
ಹೌದು. ನನ್ನ ಹಣೆ ಮಡಗಾಸ್ಕರಿನದು, ಕಣ್ಣು ಕ್ಯಾಂಟನ್ನಿನದು,
ಅಡ್ಡಹೆಸರು ಯಾವನೋ ಸಿಪಾಯಿಯದು; ಹಡಗಿಳಿಯದವರು ಇಲ್ಲಿ ಯಾರೂ ಇಲ್ಲ.
ಆದರೂ ಆ ಹೋಲಿಕೆ ಕೈಗೆ ಬಲು ಸುಲಭವಾಗಿ ಸಿಗುತ್ತದೆ,
ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ.
ಜರಿಗೆ ಬೆಳಕು ಬೇಕು. ಅಷ್ಟು ಮಾತ್ರ ಗೊತ್ತು,
ಅದೂ ಈ ಒಂದು ಮೀಟರಿನಲ್ಲಿ.

ಈ ಹೊತ್ತು ಅಗೆದೆ.
ಮೊದಲು ಅಜ್ಜಂದಿರು, ಆಮೇಲೆ ಅಪ್ಪ ಅವ್ವ.
ಮಗುವಿನ ಬಳಿ ಕೈ ತಡೆಯಿತು; ತಡೆದದ್ದು ಯಾವ ಕಾಲಮಿಗೂ ಸೇರಲಿಲ್ಲ.
ಬೇರು ಕಿತ್ತು ಬಂದಾಗ ಕೆಳಗಿನ ಮಣ್ಣು ಕಪ್ಪಗೆ, ತಣ್ಣಗೆ,
ಅರವತ್ತು ವರ್ಷ ಬಿಸಿಲು ಕಾಣದ್ದು.
ಚೌಕಟ್ಟು ಇಟ್ಟೆ. ಮೊದಲ ಸಲ ಅದು ನೆಲ ಮುಟ್ಟಿತು.

"ಎಷ್ಟು?"
"ಸೊನ್ನೆ."
"ಯಾವುದರದ್ದು?"
"ಎಲ್ಲದರದ್ದೂ. ತಾರೀಕು ಹಾಕು.
ಮಂಜು ಅಂತ ಪಕ್ಕದಲ್ಲಿ ಬರೆದುಬಿಡು,
ಕೇಳಿದರೆ ನಾನು ಹೇಳುತ್ತೇನೆ."